ಉಪ್ಪು ನೀರಿನ ಕೆರೆಗೆ ಖಡಕ್ ರೊಟ್ಟಿ

ಲಡಾಖ್‌ಗೆ ಹೋಗಲು ಮುಖ್ಯ ರಸ್ತೆ ಎರಡು. ಮನಾಲಿ ಕಡೆಯಿಂದ ಒಂದು, ಶ್ರೀನಗರ ಕಡೆಯಿಂದ ಒಂದು. ಹುಬ್ಬಳ್ಳಿಯವರಿಗೆ ಮಾತ್ರ ಮೂರನೆಯದೂ ಇದೆ. ಅದು ನಮ್ಮ ಅತ್ತೆಯವರನ್ನು ದಾಟಿಕೊಂಡು ಹೋಗುತ್ತದೆ. ಮೊದಲಿನ ಎರಡು ಯಾವಾಗ ತೆರೆಯುತ್ತವೆ ಅಂತ ಪೇಪರಿನಲ್ಲಾದರೂ ಬರುತ್ತದೆ. ಮೂರನೆಯದರ ಬಗ್ಗೆ ಯಾರೂ ಏನೂ ಹೇಳಲಾರರು.

ನಮ್ಮ ಮನೆಯವರಿಗೆ ಲಡಾಖ್‌ನ ಪ್ಯಾಂಗಾಂಗ್ ಕೆರೆಯ ಹುಚ್ಚು ಹಿಡಿದು ವರ್ಷಗಳಾದವು. ಒಂದು ಹಿಂದಿ ಸಿನಿಮಾದ ಕೊನೆಯ ಸೀನ್‌ನಲ್ಲಿ ಆ ನೀಲಿ ನೀರು ನೋಡಿದಾಗಿನಿಂದ ಅವರ ಫೋನಿನ ವಾಲ್‌ಪೇಪರ್ ಅದೇ. ಮಗನಿಗೆ ಬೇಕಿರುವುದು ಕೆರೆಯಲ್ಲ, ಕೆರೆ ದಂಡೆಯಲ್ಲಿ ಫೋಟೋಗೆಂದೇ ನಿಲ್ಲಿಸಿರುವ ಹಳದಿ ಸ್ಕೂಟರು. ನನಗೆ ಬೇಕಿದ್ದದ್ದು ಒಂದು ವಾರ ಬೆಳಿಗ್ಗೆ ಎದ್ದು ಏನು ನಾಷ್ಟಾ ಮಾಡಲಿ ಅಂತ ಯೋಚಿಸದೇ ಇರೋದು. ಮೂವರ ಗುರಿ ಬೇರೆ ಬೇರೆ ಇದ್ದರೂ ಜಾಗ ಒಂದೇ ಆಯಿತು. ವಿಷಯವನ್ನು ರಾತ್ರಿ ಊಟದ ಹೊತ್ತಿಗೆ ಅತ್ತೆಯವರ ಮುಂದೆ ಇಟ್ಟೆವು.

"ಕೆರಿ ನೋಡಾಕ ಅಷ್ಟ್ ದೂರ ಯಾಕ? ಉಣಕಲ್ ಕೆರಿ ಏನ್ ಬತ್ತೇತೇನು?"

ಇವರು ತಾಳ್ಮೆಯಿಂದ ಶುರು ಮಾಡಿದರು. ಅದು ಸುಮಾರು 14 ಸಾವಿರ ಅಡಿ ಎತ್ತರದಲ್ಲಿದೆ ಅವ್ವ. ಉದ್ದ 134 ಕಿಲೋಮೀಟರ್. ಇಲ್ಲಿಂದ ಹೊರಟು ಹಾವೇರಿ, ರಾಣೆಬೆನ್ನೂರು ದಾಟಿ ಹೆಚ್ಚುಕಮ್ಮಿ ಹರಿಹರ ಮುಟ್ಟುವಷ್ಟು. ಅರ್ಧಕ್ಕಿಂತ ಜಾಸ್ತಿ ಭಾಗ ಚೀನಾದವರ ಕೈಯಲ್ಲಿದೆ. ಚಳಿಗಾಲದಲ್ಲಿ ಪೂರ್ತಿ ಹೆಪ್ಪುಗಟ್ಟುತ್ತದೆ, ಅದೂ ಉಪ್ಪು ನೀರಾಗಿದ್ದುಕೊಂಡು.

ಅತ್ತೆಯವರು ಉಪ್ಪಿನ ಹತ್ತಿರ ಗಕ್ಕನೆ ನಿಂತರು. "ಉಪ್ಪನೀರಾ? ಕುಡಿಯಾಕ ಬರಂಗಿಲ್ಲ, ಎಮ್ಮಿ ಮೈ ತೊಳಿಯಾಕ ಬರಂಗಿಲ್ಲ. ಮತ್ತ್ಯಾತಕ್ಕ ಬೇಕದು?"

ಇವರು ಉತ್ತರ ಹುಡುಕುತ್ತಾ ಮಜ್ಜಿಗೆ ಕಲಸಿಕೊಂಡರು. ಅನ್ನ ಮುಗಿದರೂ ಉತ್ತರ ಸಿಗಲಿಲ್ಲ.

ಇನ್ನು ತಾರೀಖು. ಇದು ನಿಜವಾದ ತಲೆನೋವು. ಮಕ್ಕಳಿಗೆ ರಜೆ ಇರೋದು ಏಪ್ರಿಲ್-ಮೇ. ಮನಾಲಿ ಕಡೆಯ ರಸ್ತೆಯ ಹಿಮ ತೆಗೆದು ಪ್ರವಾಸಿಗರ ಓಡಾಟ ಸರಿಯಾಗಿ ಶುರುವಾಗೋದು ಮೇ-ಜೂನ್ ಹೊತ್ತಿಗೆ. ಅಂದರೆ ಅಲ್ಲಿ ದಾರಿ ತೆರೆದಾಗ ಇಲ್ಲಿ ಶಾಲೆ ತೆರೆದಿರುತ್ತದೆ. ದಸರಾ ರಜೆಗೆ ಹೋಗೋಣ ಅಂದರೆ ಅಕ್ಟೋಬರ್ ಚಳಿಗೆ ಕೆರೆ ದಂಡೆಯ ಟೆಂಟುಗಳನ್ನು ಬಿಚ್ಚಲು ಶುರು ಮಾಡಿರುತ್ತಾರೆ. ಉಳಿದದ್ದು ಜೂನ್‌ನಿಂದ ಸೆಪ್ಟೆಂಬರ್. ಜೂನ್‌ನಲ್ಲಿ ಲಗ್ನಗಳು. ಆಷಾಢ ಬರೋದರೊಳಗೆ ಮುಗಿಸಬೇಕು ಅಂತ ಎಲ್ಲರೂ ಒಂದೇ ಸಲ ಪತ್ರಿಕೆ ಹಂಚುತ್ತಾರಲ್ಲ, ಅದರಲ್ಲಿ ಕನಿಷ್ಠ ಎರಡಕ್ಕೆ ನಾವು ಹೋಗದಿದ್ದರೆ ಮುಂದೆ ನಮ್ಮ ಮನೆ ಕಾರ್ಯಕ್ಕೆ ಅವರು ಬರೋದಿಲ್ಲ. ಶ್ರಾವಣದಲ್ಲಿ ನಾಗರ ಪಂಚಮಿ, ನಾನು ತವರಿಗೆ ಹೋಗಲೇಬೇಕು. ಉಂಡಿ, ಜೋಕಾಲಿ ಬಿಟ್ಟು ಪ್ಯಾಂಗಾಂಗ್ ದಂಡೆಯಲ್ಲಿ ಕೂತರೆ ನನ್ನವ್ವ ಅಲ್ಲಿಗೇ ಫೋನ್ ಹಚ್ಚಿ ಅಳುತ್ತಾಳೆ.

ಹಾಗಾಗಿ ಆಷಾಢ. ಲಗ್ನ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಕರೆಯೋದಿಲ್ಲ. "ಮಳಿಗಾಲದಾಗ ಯಾರರ ಗುಡ್ಡಕ್ಕ ಹೊಕ್ಕಾರೇನು?" ಅಂತ ಅತ್ತೆಯವರ ಆಕ್ಷೇಪ ಬಂತು. ಲಡಾಖ್‌ನ ದೊಡ್ಡ ಊರು ಲೇಹ್‌ನಲ್ಲಿ ವರ್ಷವಿಡೀ ಸೇರಿ ಬೀಳುವ ಮಳೆ ಸುಮಾರು 100 ಮಿಲಿಮೀಟರ್, ಹಿಮಾಲಯ ಮುಂಗಾರಿನ ಮೋಡವನ್ನು ಆಚೆ ದಾಟಲು ಬಿಡೋದಿಲ್ಲ ಅಂತ ಇವರು ವಿವರಿಸಿದರು. ಅಷ್ಟರಲ್ಲಿ ಗದಗಿನಿಂದ ಬಂದಿದ್ದ ಕಾಕಾ, "2010ರಾಗ ಅಲ್ಲೇ ಮೇಘಸ್ಫೋಟ ಆಗಿ ಮಂದಿ ಸತ್ತಿದ್ರಲ್ಲಪಾ" ಅಂದುಬಿಟ್ಟರು. ಆ ವರ್ಷದ ಆಗಸ್ಟ್‌ನಲ್ಲಿ ಆದದ್ದು ನಿಜ. ಆದರೆ ಕಾಕಾಗೆ ತಮ್ಮ ಮೊಮ್ಮಗಳ ಹುಟ್ಟುಹಬ್ಬ ನೆನಪಿರೋದಿಲ್ಲ, ಇಂಥವೆಲ್ಲ ಇಸವಿ ಸಮೇತ ನೆನಪಿರುತ್ತವೆ.

ಕಾಕಾ ಒಂದು ಕಾಲದಲ್ಲಿ ಕೇದಾರನಾಥಕ್ಕೆ ಹೋಗಿ ಬಂದವರು. ಹೀಗಾಗಿ ಹಿಮಾಲಯದ ಬಗ್ಗೆ ನಮ್ಮ ಮನೆತನದಲ್ಲಿ ಅವರದೇ ಕೊನೆಯ ಮಾತು. ನನ್ನ ಕೈಗೆ ಒಂದು ಸಣ್ಣ ಚೀಲ ಕೊಟ್ಟರು. ಕರ್ಪೂರ. "ಉಸುರು ಹಿಡದಂಗ ಆದ್ರ ಮೂಸಬೇಕು ತಂಗಿ, ಆಕ್ಸಿಜನ್ ಬರತೈತಿ." ಕರ್ಪೂರದಿಂದ ಮೂಗು ತೆರೆದ ಹಾಗೆ ಅನ್ನಿಸಬಹುದೇ ಹೊರತು ಆಮ್ಲಜನಕ ಎಲ್ಲಿಂದ ಬರಬೇಕು? ಗಾಳಿಯಲ್ಲಿ ಅದರ ಪ್ರಮಾಣ ಎಲ್ಲ ಕಡೆ ಶೇ. 21ರ ಹತ್ತಿರವೇ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು, ಒಂದು ಉಸಿರಿಗೆ ಸಿಗೋದು ಕಡಿಮೆಯಾಗುತ್ತದೆ, ಲೇಹ್‌ನಲ್ಲಿ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು. ಇದನ್ನು ಮಗ ತನ್ನ ವಿಜ್ಞಾನದ ಪುಸ್ತಕ ಹಿಡಿದು ಹೇಳಿದ. ಕಾಕಾ ಪೂರ್ತಿ ಕೇಳಿಸಿಕೊಂಡು, "ಹಂಗಾರ ಕಪ್ಪತಗುಡ್ಡಕ್ಕ ಬರ್ರಿ. ನಮ್ಮಲ್ಲಿ ಗಾಳಿ ಭಾಳ ಐತಿ" ಅಂದರು. ಗದಗಿನವರಿಗೆ ಗಾಳಿಯ ವಿಷಯದಲ್ಲಿ ಇರುವ ಅಭಿಮಾನ ಗಾಳಿಯಂತ್ರಗಳಿಗೂ ಇರಲಿಕ್ಕಿಲ್ಲ.

ಇವರ ಪ್ಲ್ಯಾನ್ ಎಕ್ಸೆಲ್‌ನಲ್ಲಿತ್ತು. ಹಸಿರು, ಹಳದಿ, ಕೇಸರಿ ಬಣ್ಣ ಹಚ್ಚಿದ್ದು. ಮೊದಲ ದಿನ ಬೆಳಿಗ್ಗೆ ವಿಮಾನ ಇಳಿಯೋದು, ಹನ್ನೊಂದಕ್ಕೆ ಲೇಹ್ ಅರಮನೆ, ಮಧ್ಯಾಹ್ನ ಶಾಂತಿ ಸ್ತೂಪ, ಸಂಜೆ ಬಜಾರು. ಎರಡನೇ ದಿನ ಖರ್ದುಂಗ್ಲಾ ಘಾಟಿ ದಾಟಿ ನುಬ್ರಾ ಕಣಿವೆ. ಹುಬ್ಬಳ್ಳಿ ಇರೋದು ಸುಮಾರು 2,200 ಅಡಿಯಲ್ಲಿ, ಲೇಹ್ 11,500 ಅಡಿಯಲ್ಲಿ. ವಿಮಾನದಲ್ಲಿ ಸೀದಾ ಹೋಗಿ ಇಳಿದವರು ಮೊದಲ ಎರಡು ದಿನ ಸುಮ್ನೆ ಬಿದ್ದುಕೊಂಡಿರಬೇಕು, ನೀರು ಕುಡಿಯಬೇಕು, ಮೆಟ್ಟಿಲು ಸಹ ನಿಧಾನ ಹತ್ತಬೇಕು. ನಾನು ಎಕ್ಸೆಲ್ ತೆಗೆದು ಎರಡು ದಿನದ ಎಲ್ಲಾ ಖಾನೆ ಅಳಿಸಿ "ಮಲಗುವುದು" ಅಂತ ಬರೆದೆ. ಇವರ ಮುಖ ನೋಡಬೇಕಿತ್ತು.

"ಅಲ್ಲ, ಇಷ್ಟ್ ರೊಕ್ಕಾ ಕೊಟ್ಟು ಹೋಗಿ ಮಲ್ಕೊಳ್ಳೋದಾ?"

"ಹೌದ್ರೀ. ಮನ್ಯಾಗ ಪುಕ್ಕಟ ಮಲ್ಕೋತೀರಿ, ಅಲ್ಲಿ ರೊಕ್ಕಾ ಕೊಟ್ಟು."

ಖರ್ದುಂಗ್ಲಾ ಬಗ್ಗೆ ಇನ್ನೊಂದು ಮಾತು. ಅಲ್ಲಿನ ಬೋರ್ಡಿನಲ್ಲಿ 18,380 ಅಡಿ ಅಂತ ಬರೆದು ವರ್ಷಾನುಗಟ್ಟಲೆ ಜನ ಅದರ ಮುಂದೆ ಫೋಟೋ ತೆಗೆಸಿಕೊಂಡಿದ್ದಾರೆ. ಅಳತೆ ಮಾಡಿ ನೋಡಿದರೆ ಸಿಕ್ಕಿದ್ದು 17,582. ಎಂಟುನೂರು ಅಡಿ ಎಲ್ಲಿ ಹೋಯಿತು? ಇವರು ಇದನ್ನು ಕೇಳಿ ಬೇಜಾರಾದರು. ನನಗೆ ನಮ್ಮ ಓಣಿಯ ಸೈಟುಗಳು ನೆನಪಾದವು. ಪತ್ರದಲ್ಲಿ ಮೂವತ್ತು-ನಲವತ್ತು, ನೆಲದ ಮೇಲೆ ಎಂದೂ ಅಷ್ಟಿರೋದಿಲ್ಲ.

ಎತ್ತರಕ್ಕೆ ಮೈ ಹದ ಮಾಡಿಕೊಳ್ಳಬೇಕು ಅಂತ ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತಲು ಶುರು ಮಾಡಿದೆವು. ಹತ್ತೋದು ಚೆನ್ನಾಗಿಯೇ ನಡೆಯಿತು. ಇಳಿಯೋದರಲ್ಲಿ ಸಮಸ್ಯೆ. ಇಳಿದ ಮೇಲೆ ದಾರಿಯಲ್ಲಿ ಗಿರ್ಮಿಟ್ ಗಾಡಿ ಸಿಗುತ್ತಿತ್ತು, ಗಿರ್ಮಿಟ್ ತಿಂದ ಮೇಲೆ ಮಿರ್ಚಿ ಬಿಟ್ಟು ಬರೋಕಾಗುತ್ತಾ? ಇವರು ಬೆಟ್ಟ ಹತ್ತಿ ಹತ್ತಿ ದಪ್ಪಗಾದರು. ಮಳೆ ಬಂದ ದಿನ ಪ್ಲ್ಯಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಹೋದೆವು. ನಮ್ಮಲ್ಲಿರೋದು ಜಗತ್ತಿನಲ್ಲೇ ಉದ್ದದ ಪ್ಲ್ಯಾಟ್‌ಫಾರ್ಮು, 2023ರಲ್ಲಿ ಉದ್ಘಾಟನೆಯಾದದ್ದು, ಒಂದೂವರೆ ಕಿಲೋಮೀಟರ್. ಒಂದು ಸಲ ಹೋಗಿ ಬಂದರೆ ಮೂರು ಕಿಲೋಮೀಟರ್ ಆಯಿತು. ಸ್ವೆಟರ್ ಹಾಕಿಕೊಂಡು, ಬೆನ್ನಿಗೆ ಬ್ಯಾಗ್ ಏರಿಸಿಕೊಂಡು, ಎರಡು ತುದಿಗಳ ನಡುವೆ ಓಡಾಡುವ ಇವರನ್ನು ನೋಡಿ ಒಬ್ಬ ಹಮಾಲಣ್ಣ ಬಂದು, "ಯಾವ ಗಾಡಿ ತಪ್ಪಿಸ್ಕೊಂಡ್ರಿ ಸಾಹೇಬ್ರ?" ಅಂತ ಮರುಕದಿಂದ ಕೇಳಿದ.

ಆ ಸ್ವೆಟರು ಮುಂಡಗೋಡದ್ದು. ಹುಬ್ಬಳ್ಳಿಯಿಂದ ಒಂದೊಂದೂವರೆ ತಾಸಿನ ದಾರಿ, 1966ರಲ್ಲಿ ಶುರುವಾದ ಟಿಬೆಟಿಯನ್ ಕಾಲೋನಿ. ಚಳಿಯ ಬಟ್ಟೆ ಅಂದರೆ ನಮಗೆ ಅವರೇ ನೆನಪಾಗೋದು, ಅಲ್ವಾ? ಅಲ್ಲಿ ಮಠದ ಹತ್ತಿರದ ಹೋಟೆಲಿನಲ್ಲಿ ಥುಕ್ಪಾ ಅನ್ನೋ ನೂಡಲ್ಸ್ ಸೂಪು ತಿನ್ನುತ್ತಿದ್ದಾಗ ಪಕ್ಕದ ಟೇಬಲ್ಲಿನಲ್ಲಿದ್ದ ಸನ್ಯಾಸಿಯೊಬ್ಬರು ನಮ್ಮ ಜಗಳ ಕೇಳಿಸಿಕೊಂಡು ನಕ್ಕರು. ಊರು ಯಾವುದು ಅಂತ ಕೇಳಿದರೆ ಲೇಹ್ ಹತ್ತಿರದ ಹಳ್ಳಿ! ಓದಲಿಕ್ಕೆ ಬಂದು ಇಲ್ಲೇ ಇದ್ದಾರಂತೆ. ಇವರು ಎಕ್ಸೆಲ್ ತೆರೆದು ಫೋನನ್ನೇ ಅವರ ಕೈಗೆ ಕೊಟ್ಟರು. ಅವರು ಮೇಲಿನಿಂದ ಕೆಳಗೆ ಓದಿ, "ಮಲಗುವುದು" ಅನ್ನುವ ಸಾಲಿನ ಮೇಲೆ ಬೆರಳಿಟ್ಟು, "ಇದು ಭಾಳ ಚಲೋ ಐತ್ರಿ" ಅಂದರು. ಉಳಿದದ್ದರ ಬಗ್ಗೆ ಏನೂ ಹೇಳಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ನಾನು ಹೆಚ್ಚು ಮಾತಾಡಲಿಲ್ಲ, ಅಗತ್ಯ ಬೀಳಲಿಲ್ಲ.

ಸಿಮ್ ಕಥೆ ಚಿಕ್ಕದಾಗಿ ಹೇಳುತ್ತೇನೆ, ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಬದಲಿಸಲು ಅಂಗಡಿಗೆ ಕೊಟ್ಟೆವು. "ಎರಡು ತಾಸಿನಾಗ ಚಾಲೂ ಆಕ್ಕೇತ್ರಿ" ಅಂದರು. ಆ ಎರಡು ತಾಸು ಮರುದಿನ ಸಂಜೆಯವರೆಗೂ ನಡೆಯಿತು. ಅದೇ ಹೊತ್ತಿಗೆ ಇವರು ಲೇಹ್‌ನ ಹೋಟೆಲ್ ಬುಕ್ ಮಾಡಲು ಕೂತಿದ್ದರು. ಒಟಿಪಿ ಬಂದೇ ಬರುತ್ತದೆ ಅಂತ ಸತ್ತ ಫೋನನ್ನು ಕಿಟಕಿ ಹತ್ತಿರ ಒಯ್ದರು, ಮಾಳಿಗೆಗೆ ಒಯ್ದರು, ತುಳಸಿ ಕಟ್ಟೆಯ ಮೇಲೆ ಇಟ್ಟು ನೋಡಿದರು. ರೂಮು ಬೇರೆ ಯಾರಿಗೋ ಹೋಯಿತು. ಅತ್ತೆಯವರು ತುಳಸಿಗೆ ನೀರು ಹಾಕುವಾಗ ಫೋನಿಗೂ ಸ್ವಲ್ಪ ಬಿತ್ತು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಅತ್ತೆಯವರ ಬೇರೆಯೇ ತಯಾರಿ ನಡೆದಿತ್ತು. ತಾವು ಬರೋದಿಲ್ಲ, ಸರಿ. ಆದರೆ ತಮ್ಮ ಮಗ ಉಪವಾಸ ಇರಬಾರದು. ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ, ಹಚ್ಚಿದ ಅವಲಕ್ಕಿ, ಲೈನ್ ಬಜಾರಿನ ಪೇಡೆ. ನಾನು ಬಾಯಿ ತಪ್ಪಿ, ಪ್ಯಾಂಗಾಂಗ್‌ನಷ್ಟು ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿ ಅನ್ನ ಸರಿಯಾಗಿ ಬೇಯೋದಿಲ್ಲ, ಕುಕ್ಕರೇ ಬೇಕು ಅಂದೆ. ಅರ್ಧ ತಾಸಿನಲ್ಲಿ ಐದು ಲೀಟರಿನ ಕುಕ್ಕರ್, ಒಳಗೆ ಅಕ್ಕಿ ತುಂಬಿಕೊಂಡು, ಹಾಸಿಗೆಯ ಮೇಲೆ ಬ್ಯಾಗಿನ ಪಕ್ಕ ಬಂದು ಕೂತಿತ್ತು.

ವಿಮಾನದಲ್ಲಿ ತಲೆಗೆ 15 ಕಿಲೋ ಮಾತ್ರ ಬಿಡುತ್ತಾರೆ. ಓಣಿಯ ಕಿರಾಣಿ ಅಂಗಡಿಯವರ ಹತ್ತಿರ ಮೂಟೆ ತೂಗುವ ಕಾಟಾ ಇದೆ, ಬ್ಯಾಗುಗಳನ್ನು ಅಲ್ಲಿಗೆ ಹೊತ್ತೆವು. ಒಂದು 22, ಒಂದು 19. ಅಂಗಡಿಯವರು ಕಣ್ಣಲ್ಲೇ ಅಂದಾಜು ಹಾಕಿ, "ಜ್ವಾಳಾ ಬಿಟ್ಟು ಎಲ್ಲಾ ಐತಿ ಅನಸ್ತೈತಿ" ಅಂದರು. ಕುಕ್ಕರ್ ತೆಗೆದೆವು. ಕೆಂಪು ಖಾರದ ಬಾಟಲಿ ತೆಗೆದೆವು. ಆಮೇಲೆ ಯಾವುದನ್ನು ತೆಗೆಯೋದು ಅಂತ ಅಂಗಡಿ ಮುಂದೆಯೇ ಚರ್ಚೆ ಶುರುವಾಗಿ, ಎಣ್ಣೆ ಒಯ್ಯಲು ಬಂದವರೂ ಸೇರಿಕೊಂಡು, ಕೊನೆಗೆ ಬಹುಮತದಿಂದ ನನ್ನ ಎರಡು ಡ್ರೆಸ್ಸು ಹೊರಗೆ ಬಂದವು. ಚಟ್ನಿ ಉಳಿಯಿತು.

ಹೊರಡೋ ಮುಂಚೆ ಡಾಕ್ಟರ ಹತ್ತಿರ ಹೋದೆವು. ಎತ್ತರಕ್ಕೆ ಹೊಂದಿಕೊಳ್ಳಲು ಡಯಾಮಾಕ್ಸ್ ಅಂತ ಒಂದು ಗುಳಿಗೆ ಇದೆ, ಅದನ್ನು ಕೇಳಿ ತಿಳಿದೇ ತಗೋಬೇಕು. ಮೊಣಕಾಲು ನೋವಿಗೆ ಗುಳಿಗೆ ಬರೆಸಿಕೊಳ್ಳೋದಿತ್ತು ಅಂತ ಅತ್ತೆಯವರೂ ಬಂದರು. ಡಾಕ್ಟರು ಇವರ ಬಿಪಿ ನೋಡಿದರು. ಪಟ್ಟಿ ಬಿಚ್ಚಿ ಮತ್ತೆ ಕಟ್ಟಿ ನೋಡಿದರು. 160 ಮೇಲೆ 100. "ಇದನ್ನ ಮೊದಲು ಹತೋಟಿಗೆ ತರೋಣ್ರಿ. ಈಗ ಅಲ್ಲಿಗೆ ಬ್ಯಾಡ. ಗಿರ್ಮಿಟ್, ಮಿರ್ಚಿ ಏನರ ಭಾಳ ತಿಂತೀರೇನು?" ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡತೊಡಗಿದೆ.

ಅತ್ತೆಯವರದನ್ನೂ ನೋಡಿದರು. 124 ಮೇಲೆ 80. ಸಕ್ಕರೆ ಇಲ್ಲ, ಎದೆ ಚೆನ್ನಾಗಿದೆ.

"ಹಂಗಾರ ನಾ ಹೋಗಬಹುದೇನ್ರಿ ಡಾಕ್ಟರ್?"

ಮೂವರೂ ತಿರುಗಿ ನೋಡಿದೆವು. ಡಾಕ್ಟರು, ಅಡ್ಡಿ ಇಲ್ಲ, ಆದರೆ ಹೋದ ಮೇಲೆ ಎರಡು ದಿನ ಏನೂ ಕೆಲಸ ಮಾಡದೆ ಪೂರ್ತಿ ವಿಶ್ರಾಂತಿ ತಗೋಬೇಕು, ಅಡುಗೆಮನೆ ಕಡೆ ಸಹ ಹೋಗಬಾರದು ಅಂದರು. ನಲವತ್ತು ವರ್ಷದಿಂದ ಯಾರಾದರೂ ಹೀಗೆ ಹೇಳಲಿ ಅಂತ ಕಾಯುತ್ತಿದ್ದವರ ಹಾಗೆ ಅತ್ತೆಯವರು ಸೆರಗು ಸರಿ ಮಾಡಿಕೊಂಡರು. "ಉಪ್ಪನೀರು ಹೆಂಗಿರತೈತಿ ಅಂತ ನೋಡೇ ಬಿಡೂಣು" ಅಂದರು.

ಟಿಕೆಟ್ ಮುಂದಕ್ಕೆ ಹಾಕಿಸಿದ್ದಾಯಿತು, ದಂಡ ಕಟ್ಟಿದ್ದಾಯಿತು. ಈಗ ಸೆಪ್ಟೆಂಬರ್. ಗಣಪತಿ ಹನ್ನೊಂದನೇ ದಿನಕ್ಕೆ ಕಳಿಸಿದ ಮರುದಿನವೇ ಹೊರಡೋದು, ಮಗನ ಟೆಸ್ಟ್ ಏನಾಗುತ್ತೋ ಆಗಲಿ. ಇವರು ಎರಡು ಹೊತ್ತೂ ಪ್ಲ್ಯಾಟ್‌ಫಾರ್ಮಿನಲ್ಲಿ ನಡೆಯುತ್ತಾರೆ, ಬರುವಾಗ ಗಿರ್ಮಿಟ್ ಗಾಡಿ ಬಾರದ ಬೇರೆ ದಾರಿ ಹಿಡಿಯುತ್ತಾರೆ. ಮಾಡಿಟ್ಟ ರೊಟ್ಟಿ, ಚಟ್ನಿಯನ್ನು ಆಷಾಢವಿಡೀ ಮನೆಯಲ್ಲೇ ತಿಂದು ಮುಗಿಸಿದೆವು. ಎಕ್ಸೆಲ್‌ನಲ್ಲಿ ನಾಲ್ಕನೇ ಹೆಸರು ಸೇರಿದೆ. ತಲೆಗೆ 15 ಕಿಲೋ ಲೆಕ್ಕದಲ್ಲಿ ನಮ್ಮ ಲಗೇಜೂ ಹೆಚ್ಚಿತು. ಕುಕ್ಕರ್ ಮತ್ತೆ ಹಾಸಿಗೆಯ ಮೇಲೆ ಬಂದಿದೆ.