ಅರಿವಿನ ಕೊರತೆ ಅಲ್ಲ ಸಾರ್, ಆದಾಯದ ಲಿಮಿಟ್ಟೇ ಸರಿ ಇಲ್ಲ
ಅಪ್ಪ-ಅಮ್ಮನ ಆಸರೆ ಇಲ್ಲದ ಮಕ್ಕಳನ್ನ ಸಾಕೋ ನೆಂಟರ ಬಗ್ಗೆ ನೀವು "ಅಜ್ಜಿ-ತಾತ, ಚಿಕ್ಕಮ್ಮಂದಿರಿಗೆ ಅರಿವಿಲ್ಲ, ಅದಕ್ಕೇ ಪ್ರಾಯೋಜಕತ್ವದ ದುಡ್ಡಿಗೆ (ಮಗುನ ಮನೇಲೇ ಇಟ್ಕೊಂಡು ಸಾಕೋಕೆ ಸರ್ಕಾರ ಕೊಡೋ ನೆರವು) ಅರ್ಜಿ ಹಾಕಲ್ಲ" ಅಂತ ಬರ್ದಿದೀರಲ್ಲ, ಅದನ್ನ ನಾನು ಒಪ್ಪಲ್ಲ. ಅಕ್ಕ ತೀರ್ಕೊಂಡ್ಮೇಲೆ ಅವಳ ಇಬ್ರು ಮಕ್ಕಳು ಲಗ್ಗೆರೆಲಿ ನಮ್ಮನೇಲೇ ಇರೋದು, ಭಾವ ಎಲ್ಲಿದಾನೋ ಗೊತ್ತಿಲ್ಲ, ಅಮ್ಮ ನಾನು ಸೇರ್ಕೊಂಡು ಸಾಕ್ತಿದೀವಿ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೇಲಿ ಈ ದುಡ್ಡು ಮಗುಗೆ ತಿಂಗಳಿಗೆ 4,000 ಅಂತ ನಮಗೂ ಗೊತ್ತು ಸಾರ್, ಆದ್ರೆ ಸಿಟೀಲಿ ಮನೆ ಆದಾಯ ವರ್ಷಕ್ಕೆ 96,000 ದಾಟಬಾರ್ದಂತೆ, ಅಂದ್ರೆ ತಿಂಗಳಿಗೆ 8,000. ಬೆಂಗ್ಳೂರಲ್ಲಿ ಗಾರ್ಮೆಂಟ್ಸ್ ಸಂಬಳನೇ ಅದಕ್ಕಿಂತ ಜಾಸ್ತಿ, ನಮ್ಮ ಮನೆ ಬಾಡಿಗೆನೇ 7,500! ಇದೇ ಮಕ್ಕಳನ್ನ ಬಾಲಮಂದಿರಕ್ಕೆ ಬಿಟ್ರೆ ಊಟ ಬಟ್ಟೆ ಎಲ್ಲಾ ಸರ್ಕಾರದ್ದು, ನಾವೇ ಇಟ್ಕೊಂಡ್ರೆ ಮಾತ್ರ ಆದಾಯ ಸರ್ಟಿಫಿಕೇಟ್ ತಗೊಂಡ್ಬಾ ಅಂತಾರೆ. ದುಡ್ಡಿನ ಮಾತು ಬಿಡಿ, ಪ್ರೋಗ್ರೆಸ್ ಕಾರ್ಡಲ್ಲಿ "ತಂದೆ/ತಾಯಿ ಸಹಿ" ಅನ್ನೋ ಕಡೆ ಅಮ್ಮ ಹೆಬ್ಬೆಟ್ಟು ಒತ್ತುತ್ತೆ, ಪಕ್ಕದಲ್ಲಿ ನಾನು ಅಜ್ಜಿ ಅಂತ ಬರೀತೀನಿ, ಚಿಕ್ಕೋನು ಅದರ ಮೇಲೆ ಬೆರಳಿಟ್ಟು ಮುಚ್ಕೊಂಡೇ ಟೀಚರಿಗೆ ಕೊಡ್ತಾನಂತೆ, ದೊಡ್ಡೋಳು ಹೇಳಿದ್ಲು. ಅರಿವಿನ ಕ್ಯಾಂಪ್ ಆಮೇಲೆ ಮಾಡ್ಲಿ, ಮೊದ್ಲು ಆ 96,000 ತಿದ್ದೋಕೆ ಹೇಳಿ.