ಬಾಲನಟರಿಗೂ ಕಾನೂನಿನ ರಕ್ಷಣೆ ಇದೆ

ಬಾಲನಟರಾಗಿ ಬೆಳೆದವರ ಕಷ್ಟದ ಬಗ್ಗೆ ನಿಮ್ಮ ಲೇಖನ ಓದಿದೆ, ಧನ್ಯವಾದ. ಅದರಲ್ಲಿ ಕಾನೂನಿನ ವಿಷಯ ಮಾತ್ರ ಬಿಟ್ಟುಹೋಗಿದೆ. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವಿಗೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ಎಫ್‌ಡಿ ಇಡಬೇಕು. ಜಿಲ್ಲಾಧಿಕಾರಿಗಳ ಅನುಮತಿಯೂ ಬೇಕು.

ನಾಗರಭಾವಿಯ ನಮ್ಮ ಬೀದಿಯಲ್ಲೇ ಒಬ್ಬಳು ಹುಡುಗಿ ಧಾರಾವಾಹಿಯಲ್ಲಿ ಮಾಡ್ತಿದ್ದಳು. ಬೆಳಿಗ್ಗೆ ಸ್ಕೂಲ್ ವ್ಯಾನ್ ಹತ್ತುವಾಗ ರಾತ್ರಿ ಹಚ್ಚಿದ ಮೇಕಪ್ ಕಿವಿ ಹಿಂದೆ ಹಾಗೇ ಇರ್ತಿತ್ತು. ಅಂಗಡಿಗೆ ಹೋದರೆ ಪಾತ್ರದ ಹೆಸರು ಹಿಡಿದು ಕರೆದು, 'ಆ ಡೈಲಾಗ್ ಹೇಳು ಪುಟ್ಟಿ' ಅಂತ ಮೊಬೈಲ್ ಹಿಡಿಯೋರು. ಪಾಪ, ಹಾಲಿನ ಪ್ಯಾಕೆಟ್ ಕೈಯಲ್ಲಿಟ್ಟುಕೊಂಡೇ ಹೇಳೋಳು. ಧಾರಾವಾಹಿ ಮುಗಿದ ಮೇಲೆ ಯಾರೂ ಕರೀಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯ್ತು ಅಂತ ಅವರಮ್ಮ ಹೇಳಿದರು.

ಪುನೀತ್ ರಾಜ್‌ಕುಮಾರ್ ಬಾಲನಟರಾಗಿ ರಾಷ್ಟ್ರಪ್ರಶಸ್ತಿ ಪಡೆದರು, ಮುಂದೆ ನಾಯಕರೂ ಆದರು, ನಿಜ. ಎಲ್ಲ ಮಕ್ಕಳ ಬೆನ್ನಿಗೂ ಅಂಥ ಮನೆ ಇರಲ್ಲ. ಆಡಿಷನ್‌ಗೆ ಕರ್ಕೊಂಡು ಹೋಗೋ ಅಪ್ಪ ಅಮ್ಮಂದಿರು ದಯವಿಟ್ಟು ಕೆಲಸದ ಸಮಯ, ಎಫ್‌ಡಿ ಎರಡನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಿ, ಅನುಮತಿ ಪತ್ರದ ಒಂದು ಪ್ರತಿ ಇಸ್ಕೊಳ್ಳಿ.