ಬ್ರೆಕ್ಸಿಟ್: ಸುಂಕ ಸೊನ್ನೆಯಾದರೂ ಗಡಿ ಉಳಿಯಿತು

ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ (ಇಯು) ಹೊರಬಂದದ್ದರ ಮಾತು ಬಂದಾಗಲೆಲ್ಲ "ಒಪ್ಪಂದ ಆಯ್ತಲ್ಲ, ಸುಂಕ ಸೊನ್ನೆ, ಇನ್ನೇನು ತಕರಾರು?" ಅನ್ನುವವರಿದ್ದಾರೆ. 2020ರ ಡಿಸೆಂಬರ್ 30ರಂದು ಇಬ್ಬರ ನಡುವೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಸುಂಕ ಸೊನ್ನೆ ಎಂದಿರುವುದು ನಿಜ. ಆದರೆ ಸರಕು ಎಲ್ಲಿ ತಯಾರಾಯಿತು ಎಂಬ ನಿಯಮಕ್ಕೆ ಹೊಂದಿದರೆ ಮಾತ್ರ.

ಚೀನಾದಲ್ಲಿ ಹೊಲಿದ ಹತ್ತಿ ಅಂಗಿಯೊಂದು ಬ್ರಿಟನ್ನಿನ ಗೋದಾಮಿಗೆ ಬಂತು, ಅಲ್ಲಿ ಆಮದು ಸುಂಕ ಕಟ್ಟಿದ್ದೂ ಆಯಿತು ಅನ್ನಿ. ಅದನ್ನೇ ಐರೋಪ್ಯ ಒಕ್ಕೂಟದಲ್ಲಿರುವ ಐರ್ಲೆಂಡಿನ ಡಬ್ಲಿನ್ ಅಂಗಡಿಗೆ ಕಳಿಸಿದರೆ ಮತ್ತೆ ಶೇ. 12 ಸುಂಕ. ಮಡಚಿ, ಲೇಬಲ್ ಹಚ್ಚಿ, ಹೊಸ ಪೆಟ್ಟಿಗೆಗೆ ಹಾಕಿದ ಮಾತ್ರಕ್ಕೆ ಅಂಗಿ ಬ್ರಿಟನ್ನಿನದಾಗುವುದಿಲ್ಲ. ಬಾಂಡೆಡ್ ಗೋದಾಮಿನಲ್ಲಿ (ಸುಂಕ ಕಟ್ಟದೆ ಮಾಲು ಇಡಬಹುದಾದ ಗೋದಾಮು) ಇಟ್ಟು ಕಳಿಸಿದರೆ ಮೊದಲ ಸುಂಕ ತಪ್ಪೀತು, ಎರಡನೆಯದು ತಪ್ಪದು.

ಮಾಂಸದ್ದು ಇನ್ನೂ ಕಷ್ಟ. ಕಸ್ಟಮ್ಸ್ ಘೋಷಣೆಯ ಜೊತೆಗೆ ಪಶುವೈದ್ಯರು ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರವೂ ಬೇಕು. ಹಲವು ವ್ಯಾಪಾರಿಗಳ ಮಾಲು ಒಂದೇ ಲಾರಿಯಲ್ಲಿದ್ದು, ಒಬ್ಬರ ಪತ್ರದಲ್ಲಿ ತಪ್ಪಿದ್ದರೂ ಇಡೀ ಲಾರಿ ಗಡಿಯಲ್ಲಿ ನಿಂತುಬಿಡುತ್ತದೆ. ಪೆಟ್ಟು ಬೀಳುವುದು ಸಣ್ಣ ವ್ಯಾಪಾರಿಗೇ.

ಇದನ್ನೆಲ್ಲ ಮೊದಲೇ ಯೋಚಿಸಬೇಕಿತ್ತು. ಒಕ್ಕೂಟದಿಂದ ಹೊರಹೋಗುವ ದಾರಿ ಹೇಳುವ, ಐರೋಪ್ಯ ಒಕ್ಕೂಟದ ಒಡಂಬಡಿಕೆಯ 50ನೇ ವಿಧಿಯಡಿ ನೋಟಿಸ್ ಕೊಟ್ಟರೆ ಎರಡೇ ವರ್ಷ ಗಡುವು. ವಿಸ್ತರಣೆಗೆ ಉಳಿದ 27 ದೇಶಗಳೂ ಒಪ್ಪಬೇಕು. ಸರ್ಕಾರ ತಾನಾಗಿಯೇ ನೋಟಿಸ್ ಕೊಡುವಂತಿಲ್ಲ, ಸಂಸತ್ತಿನ ಕಾಯ್ದೆಯೇ ಬೇಕು ಎಂದು 2017ರ ಜನವರಿ 24ರಂದು ಬ್ರಿಟನ್ ಸುಪ್ರೀಂ ಕೋರ್ಟ್ 8-3ರ ಬಹುಮತದಿಂದ ತೀರ್ಪು ಕೊಟ್ಟಿತು. ಸರಿಯಾದ ತೀರ್ಪು: ಸಂಸತ್ತು ಕೊಟ್ಟ ಹಕ್ಕನ್ನು ಮಂತ್ರಿಮಂಡಲ ಕಿತ್ತುಕೊಳ್ಳಲಾಗದು. ಸಂಸತ್ತು ಆ ಅಧಿಕಾರವನ್ನು ಬಳಸಿದ ರೀತಿ ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಎರಡೇ ಸೆಕ್ಷನ್ನಿನ ಕಾಯ್ದೆ. ಕಸ್ಟಮ್ಸ್ ಒಕ್ಕೂಟದಲ್ಲಿ (ಒಳಗೆ ಸುಂಕವಿಲ್ಲ, ಹೊರಗಿನ ಮಾಲಿಗೆ ಎಲ್ಲರದೂ ಒಂದೇ ಸುಂಕ) ಇರುತ್ತೇವೋ ಇಲ್ಲವೋ ಎಂಬುದರ ಸುದ್ದಿಯೇ ಇಲ್ಲ. ಮಾರ್ಚ್ 29ಕ್ಕೆ ನೋಟಿಸ್ ಹೋಗಿಯೇಬಿಟ್ಟಿತು. 2016ರ ಜನಮತಗಣನೆಯಲ್ಲಿ ಶೇ. 62ರಷ್ಟು ಮಂದಿ ಒಕ್ಕೂಟದಲ್ಲೇ ಉಳಿಯೋಣ ಎಂದಿದ್ದ ಸ್ಕಾಟ್ಲೆಂಡಿನ ಶಾಸನಸಭೆಯ ಸಮ್ಮತಿ ಕಾನೂನಿನ ಪ್ರಕಾರ ಬೇಕಿಲ್ಲ ಎಂದೂ ಅದೇ ತೀರ್ಪು ಹೇಳಿತ್ತು.

ಗಡುವು ಶುರುವಾದ ಮೇಲೆ ಐರ್ಲೆಂಡ್ ಗಂಟು ಬಿಗಿಯಾಯಿತು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸುಮಾರು 500 ಕಿ.ಮೀ. ಭೂಗಡಿಯಲ್ಲಿ ತಪಾಸಣೆ ಬೇಡ, ಕಸ್ಟಮ್ಸ್ ಒಕ್ಕೂಟವೂ ಬೇಡ, ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವೆ ಗಡಿಯೂ ಬೇಡ. ಈ ಮೂರೂ ಒಟ್ಟಿಗೆ ಆಗುವಂಥದ್ದಲ್ಲ. ಕೊನೆಗೆ ಗಡಿ ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವಿನ ಸಮುದ್ರಕ್ಕೆ ಸರಿಯಿತು. 2023ರ ವಿಂಡ್ಸರ್ ಒಪ್ಪಂದದಲ್ಲಿ ಉತ್ತರ ಐರ್ಲೆಂಡಿನಲ್ಲೇ ಮಾರಾಟವಾಗುವ ಮಾಲಿಗೆ ಕಡಿಮೆ ತಪಾಸಣೆಯ ಹಸಿರು ದಾರಿ, ಐರೋಪ್ಯ ಒಕ್ಕೂಟಕ್ಕೆ ದಾಟಬಹುದಾದದ್ದಕ್ಕೆ ಪೂರ್ಣ ತಪಾಸಣೆಯ ಕೆಂಪು ದಾರಿ ಎಂದಾಯಿತು. ಹಸಿರು ದಾರಿಯಲ್ಲಿ ಬೆಲ್‌ಫಾಸ್ಟಿಗೆ ಹೋಗುವ ಹಾಲಿನ ಮೇಲೂ ಈಗ "ನಾಟ್ ಫಾರ್ ಇಯು" (ಇಯುಗೆ ಅಲ್ಲ) ಎಂಬ ಲೇಬಲ್ ಇರಬೇಕು.